ಯಂತ್ರಕ್ಕೆ ಹಾಕಿದ ಧೂಪ

ಸವಣೂರಿನ ಖಾರದ ಭಟ್ಟಿಗಳದು ಏನೂ ತಪ್ಪಿಲ್ಲ ಎಂದು ಇಡೀ ಊರಿನಲ್ಲಿ ಖಚಿತವಾಗಿ ಗೊತ್ತಿದ್ದವರು ಒಬ್ಬರೇ ಒಬ್ಬರು. ಆ ಭಟ್ಟಿಗಳ ಬಾಯಿಗೆ ಸಿಮೆಂಟು ಬೀಳುವಂತೆ ಮಾಡಿದವರೂ ಅವರೇ. ಹೆಸರು ವಾದಿರಾಜಾಚಾರ್ಯ. ಹೆಸರೇನೋ ಭರ್ಜರಿಯಾಗಿಯೇ ಇದೆ. ಆದರೆ ಐವತ್ತಾರು ವರ್ಷದಲ್ಲಿ ಅವರು ಯಾರ ಜೊತೆಗಾದರೂ ಒಂದು ವಾದ ಗೆದ್ದದ್ದನ್ನು ಕಂಡವರಿಲ್ಲ. ಕಾಯಿಪಲ್ಯೆ ಮಾರುವ ಹುಚ್ಚವ್ವನ ಮುಂದೆ ಕೂಡ ಸೋತು, ಬಾಡಿದ ಮೆಂತ್ಯದ ಸೊಪ್ಪು ಹಿಡಿದುಕೊಂಡು ಮನೆಗೆ ಬರುವ ಮನುಷ್ಯ. ಇಂಥವರಿಂದ ಒಂದು ಓಣಿಯ ಒಲೆಯೇ ಆರಿತು ಎಂದರೆ ನೀವು ನಂಬಲಿಕ್ಕಿಲ್ಲ. ನಾನೂ ಮೊದಲು ನಂಬಿರಲಿಲ್ಲ.

ಅವರ ತಂದೆ ಮಠದಲ್ಲಿ ಪಾಠ ಹೇಳುತ್ತಿದ್ದ ಪಂಡಿತರು. ಮಗನಿಗೂ ಹೇಳಿಕೊಡಲು ನೋಡಿದರು. ಬೆಳಿಗ್ಗೆ ಹೇಳಿದ್ದು ಸಂಜೆಗೆ ಇಲ್ಲ, ಸಂಜೆ ಹೇಳಿದ್ದು ಬೆಳಿಗ್ಗೆಗೆ ಇಲ್ಲ. "ಇವನ ತಲಿಯೊಳಗ ಏನ್ ಹಾಕಿದ್ರೂ ನಿಲ್ಲೂದಿಲ್ಲ, ಆದ್ರ ಕೈ ಭಾಳ ಶುದ್ಧ ಅದ" ಎಂದು ಅಪ್ಪ ಕೈಬಿಟ್ಟರು. ತಮ್ಮ ಸುಯಮೀಂದ್ರ ಓದಿ ಡಾಕ್ಟರಾದ. ವಾದಿರಾಜರು ಹತ್ತಿಮತ್ತೂರಿನ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಗುಮಾಸ್ತರಾಗಿ ಸೇರಿ ಇಪ್ಪತ್ತೈದು ವರ್ಷ ಕಳೆದರು. ಅಲ್ಲಿ ಅವರಿಗೆ ಇನ್ನೊಂದು ಕೆಲಸವೂ ಗಂಟುಬಿದ್ದಿತ್ತು. ಬೆಳಿಗ್ಗೆ ಹತ್ತಿಯಿಂದ ಬೀಜ ಬಿಡಿಸುವ ಯಂತ್ರ ಶುರುವಾಗುವ ಮುಂಚೆ ಅದರ ಮುಂದೆ ಧೂಪ ಹಾಕಬೇಕು. ಆಚಾರ್ಯರ ಕೈಯಿಂದ ಧೂಪ ಬೀಳದೆ ಮಾಲಕರು ಬಟನ್ ಒತ್ತಗೊಡುತ್ತಿರಲಿಲ್ಲ. ಒಂದು ದಿನ ಆ ಮಿಲ್ಲು ಮುಚ್ಚಿತು. ಎರಡು ವರ್ಷ ವಾದಿರಾಜರು ಕಟ್ಟೆಯ ಮೇಲೆ ಕೂತು ಪೇಪರು ಓದಿದರು. ಓದಿದ ಪೇಪರನ್ನೇ ಮತ್ತೊಮ್ಮೆ ಓದಿದರು.

ಆಮೇಲೆ ಬಂತು ನೋಡಿ, ಗಾಳಿ ಹೀರುವ ಯಂತ್ರ.

ಸಂಗತಿ ಇಷ್ಟೇ. ಸವಣೂರಿನ ಸಾಲಿಯಲ್ಲಿ ಮಕ್ಕಳು ಕೆಮ್ಮುತ್ತಿದ್ದರು, ತಾಯಂದಿರು ಗದ್ದಲ ಎಬ್ಬಿಸಿದರು. ದೂರದ ಒಂದು ಕಾಲೇಜಿನ ಪ್ರಯೋಗಾಲಯದವರು ಗಾಳಿಯಲ್ಲಿ ಏನಿದೆ, ಅದು ಎಲ್ಲಿಂದ ಬಂತು ಎಂದು ಪತ್ತೆಹಚ್ಚಲು ಮುಂದೆ ಬಂದರು. ಸವಣೂರು, ಶಿಗ್ಗಾಂವಿ, ಹಾನಗಲ್ಲು, ಹಿರೇಕೆರೂರು, ಹೀಗೆ ನಾಲ್ಕು ಊರಿನಲ್ಲಿ ನಾಲ್ಕು ಯಂತ್ರ ಇಟ್ಟರು. ಸವಣೂರಿನದು ಸಾಲಿಯ ಮಾಳಿಗೆಯ ಮೇಲೆ. ಸೊಂಟದೆತ್ತರದ ಕಬ್ಬಿಣದ ಪೆಟ್ಟಿಗೆ, ಅದರ ನೆತ್ತಿಗೆ ಟೊಪ್ಪಿಗೆಯಂಥ ಬಾಯಿ. ಹಗಲೂ ರಾತ್ರಿ ಗಾಳಿ ಎಳೆಯುತ್ತದೆ. ಗಾಳಿಯೊಳಗಿನ ಧೂಳು, ಹೊಗೆ ಎಲ್ಲ ಒಳಗಿರುವ ಬಿಳಿ ಫಿಲ್ಟರಿನ ಮೇಲೆ ಕೂಡುತ್ತದೆ. ಸಣ್ಣ ಹಪ್ಪಳದಷ್ಟು ಗುಂಡಗಿನ ಫಿಲ್ಟರು. ದಿನಾ ಬೆಳಿಗ್ಗೆ ಏಳಕ್ಕೆ ಹಳೆಯದನ್ನು ತೆಗೆದು ಹೊಸದು ಹಾಕಬೇಕು, ಒಂದು ಹಾಳೆಯ ಮೇಲೆ ವೇಳೆ, ಹವಾ ಎಲ್ಲ ಬರೆದು ಸಹಿ ಮಾಡಬೇಕು. ಆ ಕೆಲಸ ವಾದಿರಾಜರಿಗೆ ಸಿಕ್ಕಿತು.

ಕಲಿಸಲು ಬಂದವಳು ಸುಮೇಧಾ. ಇಪ್ಪತ್ತಾರರ ಹುಡುಗಿ, ಆ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುವವಳು. ಕೈಗವಸು ಹಾಕಿಕೊಂಡು ಚಿಮಟದಲ್ಲಿ ಫಿಲ್ಟರು ಎತ್ತಿ ತೋರಿಸಿದಳು.

"ಬರಿಗೈ ತಾಗಬಾರದು ಕಾಕಾ. ಉಸಿರು ತಾಗಬಾರದು. ನೆಲಕ್ಕ ಇಡಬಾರದು. ಹತ್ತಿರ ಯಾರೂ ಬೀಡಿ, ಸಿಗರೇಟ್ ಸೇದಬಾರದು."

ವಾದಿರಾಜರ ಮುಖ ಅರಳಿತು. "ಅಯ್ಯ, ಇದು ಮಡೀನ ಆತಲ್ಲವಾ! ನಮ್ಮವ್ವ ಮಡಿಯೊಳಗ ಹಿಂಗ ನೀರು ತುಂಬತಿದ್ಲು."

ಶ್ಲೋಕ ನಿಲ್ಲದ ತಲೆಯಲ್ಲಿ ಈ ನಿಯಮಗಳು ಮಾತ್ರ ಗಟ್ಟಿಯಾಗಿ ಕೂತವು. ಶುದ್ಧ ಕೈಗೆ ಕೊನೆಗೂ ಒಂದು ಕೆಲಸ ಸಿಕ್ಕಿತ್ತು. ಸ್ನಾನ ಮಾಡದೆ ಮಾಳಿಗೆ ಹತ್ತಿದವರಲ್ಲ. ಹಾಳೆಯ ಮೇಲೆ ಒಂದು ಅಂಕಿ ತಪ್ಪಿ ಬರೆದವರಲ್ಲ. ಒಮ್ಮೆ ಐದು ನಿಮಿಷ ತಡವಾದಾಗ 'ಐದು ನಿಮಿಷ ತಡ, ಕಾರಣ ನನ್ನ ಚಪ್ಪಲಿಯ ಉಂಗುಷ್ಟ ಹರಿದದ್ದು' ಎಂದು ಬರೆದು ಸಹಿ ಹಾಕಿದ ಪುಣ್ಯಾತ್ಮರು. ಸಾಲಿಯ ಸಿಪಾಯಿ ಲಕ್ಕಪ್ಪ ಮಾಳಿಗೆಯ ಮೆಟ್ಟಿಲ ಮೇಲೆ ಬೀಡಿ ಹಚ್ಚಿದರೆ ಸಾಕು, "ಏ ಮಾರಾಯಾ, ಇಳಿ ಕೆಳಗ!" ಎಂದು ಕೊಡೆ ಹಿಡಿದು ಅಟ್ಟುತ್ತಿದ್ದರು. ನಾಲ್ಕೂ ಊರಿನಲ್ಲಿ ಅತ್ಯಂತ ಚೊಕ್ಕ ಫಿಲ್ಟರು ಕಾಕಾನವು ಎಂದು ಸುಮೇಧಾ ಹೇಳಿದಾಗ ಮನೆಗೆ ಬಂದು ಹೆಂಡತಿ ತುಳಸಾಬಾಯಿಗೆ ಮೂರು ಸಲ ಹೇಳಿದರು.

ಮತ್ತೆ, ಅನ್ನ ಕೊಡುವ ಯಂತ್ರದ ಮುಂದೆ ಧೂಪ ಹಾಕದೆ ಇರುವುದುಂಟೆ? ಇಪ್ಪತ್ತೈದು ವರ್ಷದ ರೂಢಿ. ದಿನಾ ಬೆಳಿಗ್ಗೆ ತುಳಸಾಬಾಯಿ ಕಾಯಿಚಿಪ್ಪು ಸುಟ್ಟು ಕೆಂಡ ಮಾಡಿಕೊಡುತ್ತಿದ್ದರು. ವಾದಿರಾಜರು ಅದನ್ನು ಹಿತ್ತಾಳೆಯ ಧೂಪದ ಪಾತ್ರೆಯಲ್ಲಿಟ್ಟು, ಮಾಳಿಗೆಗೆ ಒಯ್ದು, ಹೊಸ ಫಿಲ್ಟರು ಹಾಕಿದ ಕೂಡಲೇ ಯಂತ್ರದ ಬುಡದಲ್ಲಿಟ್ಟು, ಮೇಲೆ ಸಾಂಬ್ರಾಣಿ, ಚಂದನದ ಚೂರು ಉದುರಿಸಿ ಕೈಮುಗಿಯುತ್ತಿದ್ದರು. ತಾಸುಗಟ್ಟಲೆ ಅದು ಅಲ್ಲಿಯೇ ಹೊಗೆಯಾಡುತ್ತಿತ್ತು, ಯಂತ್ರ ಅದನ್ನು ಎಳೆದುಕೊಳ್ಳುತ್ತಿತ್ತು. ದೇವರು ಧೂಪ ತೆಗೆದುಕೊಳ್ಳುತ್ತಾನೆ ಎಂದು ಹೇಳುತ್ತಾರಲ್ಲ, ಇಲ್ಲಿ ಕಣ್ಣಾರೆ ಕಾಣುತ್ತಿತ್ತು. ಬೀಡಿ ಬೇಡ ಎಂದಿದ್ದಳು ಸುಮೇಧಾ. ಧೂಪ ಬೇಡ ಎಂದು ಅವಳು ಹೇಳಿರಲಿಲ್ಲ, ಅವಳಿಗೆ ಹೊಳೆದಿರಲೂ ಇಲ್ಲ. ಧೂಪವೂ ಹೊಗೆಯೇ ಎಂದು ಇವರಿಗೆ ಹೊಳೆಯಲಿಲ್ಲ. ಇಬ್ಬರೂ ಜಾಣರೇ!

ಸಾಲಿಯ ಕಂಪೌಂಡಿನ ಆಚೆಗೇ ಖಾರದ ಭಟ್ಟಿಗಳ ಓಣಿ. ಸವಣೂರಿನ ಖಾರ ಎಂದರೆ ಮೆಣಸಿನಪುಡಿ ಎಂದುಕೊಳ್ಳಬೇಡಿ. ಸೇವು, ಬೂಂದಿ, ಶೇಂಗಾ, ಕರಿಬೇವು ಎಲ್ಲ ಎಣ್ಣೆಯಲ್ಲಿ ಕರಿದು ಕಲಸುವ ತಿನಿಸು ಅದು. ಹದಿನಾಲ್ಕು ಭಟ್ಟಿ, ಎಲ್ಲವೂ ಕಟ್ಟಿಗೆಯವು. ಗೋಡೆಗೆ ಹತ್ತಿದ ಮೊದಲ ಭಟ್ಟಿ ಮಾಹೀರಾಳದು. ಅವಳ ಗಂಡ ಲಾರಿಯಿಂದ ಬಿದ್ದು ಕಾಲು ಕಳೆದುಕೊಂಡ ಮೇಲೆ ಆ ಒಲೆಯೇ ಮನೆಯ ಯಜಮಾನ. ಹುತ್ತದ ಮಣ್ಣು ತಂದು, ಕಲಸಿ, ಅವಳೇ ಕೈಯಿಂದ ಮೆತ್ತಿ ಕಟ್ಟಿದ ಭಟ್ಟಿ. ಶುಕ್ರವಾರ ಮಧ್ಯಾಹ್ನ ಕೆಲಸ ನಿಲ್ಲಿಸುವಾಗ ಕಂಪೌಂಡಿನ ಗೋಡೆಯ ಮೇಲಿಂದ ವಾದಿರಾಜರಿಗೆ ಒಂದು ಪೊಟ್ಟಣ ಚಾಚುತ್ತಿದ್ದಳು.

"ಆಚಾರ್ರ, ತಗೋರಿ, ಬಿಸಿ ಐತಿ. ಮನ್ಯಾಗ ಬಾಯೇರಿಗೆ ಹೇಳಬ್ಯಾಡ್ರಿ ಮತ್ತ."

ಹೊರಗಿನದನ್ನು ತಿನ್ನಬಾರದು ಎನ್ನುವ ಮನೆತನ. ವಾದಿರಾಜರು ಮಾಳಿಗೆಯ ಮೂಲೆಯಲ್ಲಿ ಕೂತು ಪೊಟ್ಟಣ ಖಾಲಿ ಮಾಡಿ, ಬಾಯಿ ತೊಳೆದುಕೊಂಡು ಮನೆಗೆ ಹೋಗುತ್ತಿದ್ದರು. "ಇವತ್ತ ಶುಕ್ರವಾರ ಕಾಣಸ್ತದ, ಮೀಸಿಯೊಳಗ ಶೇಂಗಾ ಸಿಪ್ಪಿ ಅದ" ಎಂದು ತುಳಸಾಬಾಯಿ ಒಳಗಿನಿಂದಲೇ ಚುಚ್ಚುತ್ತಿದ್ದರು.

ಮೂರು ತಿಂಗಳು ಹೀಗೆ ನಡೆಯಿತು. ಡಿಸೆಂಬರಿನ ಕೊನೆಗೆ ಯಂತ್ರ ನಿಲ್ಲಿಸಿ ಮುಸುಕು ಹಾಕಿದರು. ಸಂಕ್ರಾಂತಿಯ ಮರುವಾರ, ಗುರುವಾರ, ಸಾಲಿಯ ಅಂಗಳದಲ್ಲಿ ಸಭೆ ಕೂಡಿತು. ಪುರಸಭೆ ಕಚೇರಿಯ ಸಾಹೇಬರು, ಮಕ್ಕಳ ತಾಯಂದಿರು, ಭಟ್ಟಿಯವರು ಎಲ್ಲ ಬಂದಿದ್ದರು. ಸುಮೇಧಾ ಎದ್ದು ನಿಂತು ತಿಳಿಯುವಂತೆ ಹೇಳಿದಳು.

"ಹೊಗಿ ನೋಡಿದ್ರ ಎಲ್ಲಾ ಒಂದ ಥರಾ ಕಾಣಸ್ತದ. ಆದ್ರ ಪ್ರತಿಯೊಂದಕ್ಕೂ ಅದರದೇ ಗುರುತು ಇರ್ತದ. ಗಾಡಿ ಬ್ರೇಕ್ ಸವದ್ರ ಒಂದು ಲೋಹ ಸಿಗ್ತದ. ಟೈರ್ ಸವದ್ರ ಸತು. ರಸ್ತೆ ಮಣ್ಣಿನ ಗುರುತು ಬ್ಯಾರೆ, ಪ್ಲಾಸ್ಟಿಕ್ ಸುಟ್ಟದ್ದು ಬ್ಯಾರೆ, ತಂಬಾಕಿಂದು ಬ್ಯಾರೆ. ಗಿಡಾ-ಮರದ ವಸ್ತು ಸುಟ್ರ ಆ ಹೊಗಿಯೊಳಗ ಒಂಥರಾ ಸಕ್ಕರಿ ಹುಟ್ತದ. ಆ ಸಕ್ಕರಿ ಸಿಕ್ರ ಅಲ್ಲಿ ಕಟ್ಟಿಗಿ ಉರದದ ಅಂತ ಅರ್ಥ."

ಶಿಗ್ಗಾಂವಿ, ಹಾನಗಲ್ಲು, ಹಿರೇಕೆರೂರಿನಲ್ಲಿ ಆ ಸಕ್ಕರೆ ಸ್ವಲ್ಪ ಸ್ವಲ್ಪ ಇತ್ತು. ಸವಣೂರಿನಲ್ಲಿ ಅದರ ಆರು ಪಟ್ಟು. ಸಾಹೇಬರು ಮುಂದಿನದನ್ನು ಕೇಳುವ ಗೋಜಿಗೇ ಹೋಗಲಿಲ್ಲ. ಕಂಪೌಂಡಿನ ಆಚೆ ಹದಿನಾಲ್ಕು ಹೊಗೆಕೊಳವೆ ಕಣ್ಣೆದುರಿಗೇ ಇದ್ದವು. "ಇನ್ನೇನ್ ಬೇಕ್ರಿ ಸಾಕ್ಷಿ? ಸೋಮವಾರಕ್ಕ ಎಲ್ಲಾ ಭಟ್ಟಿ ಬಂದ್" ಎಂದರು. ಅಗೆದು ಹಾಗೇ ಬಿಟ್ಟ ಮುಂದಿನ ರಸ್ತೆಯಲ್ಲಿ ಒಂದು ಟ್ರ್ಯಾಕ್ಟರು ಧೂಳು ಎಬ್ಬಿಸಿಕೊಂಡು ಹೋಯಿತು, ಅರ್ಧ ಸಭೆ ಕೆಮ್ಮಿತು. ಅದನ್ನು ಯಾರೂ ಲಕ್ಷ್ಯಕ್ಕೆ ತಗೊಳ್ಳಲಿಲ್ಲ.

ಮಾಹೀರಾ ತಲೆಯ ಮೇಲಿನ ಸೆರಗು ಬಿಗಿಹಿಡಿದು ನಿಂತಿದ್ದಳು. ವಾದಿರಾಜರಿಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಆದರೂ ಆಗ ಅವರಿಗಿದ್ದದ್ದು ಬರೀ ಸಂಕಟ, ತಪ್ಪಿನ ಅರಿವಲ್ಲ. ತಪ್ಪು ಹೊಳೆದದ್ದು ಸಭೆ ಚೆದುರಿದ ಮೇಲೆ. ಸುಮೇಧಾ ಕಾಗದ ಜೋಡಿಸುತ್ತ ಸುಮ್ಮನೆ ಅಂದಳು, "ಕಾಕಾ, ನಡುವ ಹತ್ತು ದಿನ ನಿಮ್ಮ ಮಶೀನ್ ಕೆಟ್ಟಿತ್ತೇನು? ಆ ಹತ್ತು ದಿನ ಮಾತ್ರ ಸಕ್ಕರಿ ಶಿಗ್ಗಾಂವಿ, ಹಾನಗಲ್ಲಿನಷ್ಟ ಅದ. ತಪ್ಪು ಇರಬೇಕಂತ ನಮ್ಮ ಲ್ಯಾಬಿನ ಸರ್ ಅದನ್ನ ತಗದ ಬಿಟ್ರು."

ವಾದಿರಾಜರಿಗೆ ಸಿಟ್ಟೇ ಬಂತು. "ನನ್ನ ಕೈಯಾಗ ಮಶೀನ್ ಒಂದ್ ದಿನಾನೂ ಕೆಟ್ಟಿಲ್ಲವಾ. ಯಾವ ಹತ್ತು ದಿನ?"

"ದೀಪಾವಳಿಗಿಂತ ಮೊದಲಿನ ಹತ್ತು ದಿನ."

ಅವರು ನಿಂತಲ್ಲೇ ನಿಂತರು. ದೀಪಾವಳಿಗೆ ಮೊದಲು ಭಟ್ಟಿಗಳು ಹೇಗೆ ಉರಿದಿದ್ದವೆಂದು ಅವರಿಗೆ ಗೊತ್ತಿತ್ತು. ವರ್ಷದ ಸುಗ್ಗಿ ಅದು. ಬೆಳಕು ಹರಿಯುವ ಮುಂಚೆ ಹಚ್ಚಿದ ಒಲೆ ಸಂಜೆಯವರೆಗೆ ಆರುತ್ತಿರಲಿಲ್ಲ. ಹೊಗೆ ಕೊಳವೆಯಿಂದ ಮೇಲೆದ್ದು ಕೆರೆಯ ಕಡೆ ಹೋಗುತ್ತಿತ್ತು. ಅಂಥ ಹತ್ತು ದಿನ ಸಕ್ಕರೆ ಇಲ್ಲ! ಹಾಗಾದರೆ ಆ ಹತ್ತು ದಿನ ಇಲ್ಲದಿದ್ದದ್ದು ಏನು?

ಶಿಗ್ಗಾಂವಿಯ ದಾಯಾದಿ ರಘುವೀರ ವಕೀಲರು ಆ ದಿನಗಳಲ್ಲೇ ತೀರಿಕೊಂಡಿದ್ದರು. ಹತ್ತು ದಿನ ಸೂತಕ. ಮನೆಯಲ್ಲಿ ಪೂಜೆ ಇಲ್ಲ, ದೇವರ ಪೆಟ್ಟಿಗೆ ಮುಟ್ಟಿಲ್ಲ. ನೌಕರಿಗೆ ಸೂತಕ ಇಲ್ಲವಲ್ಲ, ಮಾಳಿಗೆ ಹತ್ತಿ ಫಿಲ್ಟರು ಬದಲಿಸಿದ್ದರು. ಧೂಪ ಮಾತ್ರ ಹಾಕಿರಲಿಲ್ಲ.

ವಾದಿರಾಜರು ಅಲ್ಲಿದ್ದ ಬೆಂಚಿನ ಮೇಲೆ ಕೂತುಬಿಟ್ಟರು. ಸುಮೇಧಾ "ಆರಾಮಿದ್ದೀರೇನ್ ಕಾಕಾ?" ಎಂದಳು. ಅವರು ತಲೆಯಾಡಿಸಿದರು. ಆಗಲೇ ಹೇಳಿಬಿಡಬೇಕಾಗಿತ್ತು, ನಾನೂ ಒಪ್ಪುತ್ತೇನೆ. ನಾಲಿಗೆ ಏಳಲಿಲ್ಲ. ಇರುವ ಒಂದೇ ಹೆಮ್ಮೆಯನ್ನು ತಾವೇ ಕೈಯಾರೆ ಮಣ್ಣಿಗೆ ಹಾಕುವುದು ಯಾರಿಗೆ ಸುಲಭ, ಹೇಳಿ.

ಮನೆಗೆ ಹೋಗಿ ತುಳಸಾಬಾಯಿಗೆ ಹೇಳಿದರು. ಅವರು ಕಿವಿ ಮುಚ್ಚಿಕೊಂಡರು. "ರಾಮ ರಾಮಾ! ದೇವರ ಧೂಪಕ್ಕ ದೋಷ ಹಚ್ಚತೀರೇನ್ರಿ? ಎದುರಿಗೆ ಹದಿನಾಲ್ಕು ಭಟ್ಟಿ ಉರೀಲಿಕ್ಕತ್ತಾವ, ನಿಮ್ಮ ಒಂದು ಚಿಟಿಕಿ ಸಾಂಬ್ರಾಣಿ ಹೆಚ್ಚಾತೇನು?"

"ಚಿಟಿಕಿ ಅಲ್ಲಽ. ಭಟ್ಟಿ ಹೊಗಿ ಮ್ಯಾಲೆದ್ದು ಕೆರಿ ಕಡೆ ಹೋಗ್ತದ. ನಾ ಮಶೀನ್‌ನ ಮೂಗಿನ ಕೆಳಗ ಇಡ್ತಿದ್ದೆ."

ಶುಕ್ರವಾರ ಅವರು ಮಾಳಿಗೆಗೆ ಹೋಗಬಾರದೆಂದುಕೊಂಡರೂ ಕಾಲು ಅಲ್ಲಿಗೇ ಹೋದವು. ಮಧ್ಯಾಹ್ನ ಕೆಳಗಿಳಿದಾಗ ಗೋಡೆಯ ಮೇಲೆ ಪೊಟ್ಟಣ ಬಂತು. ಹಿಂದೆಯೇ ಮಾಹೀರಾಳ ಮುಖ.

"ತಗೋರಿ ಆಚಾರ್ರ. ಮುಂದಿನ ಶುಕ್ರವಾರ ಇರಂಗಿಲ್ಲ." ಸ್ವಲ್ಪ ತಡೆದು ಕೇಳಿದಳು, "ನಿಮ್ಮ ಮಿಷನ್ನಿಗೆ ನಾವೇನ್ ಅನ್ಯಾಯ ಮಾಡಿದ್ವಿರಿ? ಗ್ಯಾಸ್ ಹಚ್ಚರಿ ಅಂತಾರ. ಅಷ್ಟ ದೊಡ್ಡ ಬಾಂಡ್ಲಿ ಗ್ಯಾಸಿನ ಮ್ಯಾಲೆ ಕೂಡತೈತೇನ್ರಿ? ನಮ್ಮ ಮನಿಯವರ ಔಷಧಾನೂ ಈ ಒಲೀನ ತರಬೇಕು."

ವಾದಿರಾಜರು ಪೊಟ್ಟಣ ತಗೊಂಡರು. ಆ ದಿನ ಖಾರ ತಿನ್ನಲಾಗಲಿಲ್ಲ. ಪೊಟ್ಟಣ ಬಿಚ್ಚದೆ ಮನೆಗೆ ತಂದು ದೇವರ ಕೋಣೆಯ ಹೊಸ್ತಿಲ ಮೇಲೆ ಇಟ್ಟುಬಿಟ್ಟರು. ತುಳಸಾಬಾಯಿ ಬೈಯಲಿಲ್ಲ. ಆಗಲೇ ಅವರಿಗೂ ಗೊತ್ತಾಗಿತ್ತು, ಇದು ಸಣ್ಣ ಮಾತಲ್ಲ ಎಂದು.

ಶನಿವಾರ ಬೆಳಿಗ್ಗೆ ಬಸ್ಸು ಹತ್ತಿ ಹಾನಗಲ್ಲಿಗೆ ಹೋದರು. ಸುಮೇಧಾ ಅಲ್ಲಿನ ಯಂತ್ರ ಬಿಚ್ಚಿ ತೊಳೆಯುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದರು. ಮಿಲ್ಲಿನ ರೂಢಿ, ಕಾಯಿಚಿಪ್ಪಿನ ಕೆಂಡ, ಸಾಂಬ್ರಾಣಿ, ಸೂತಕ. ಕೊನೆಗೆ ಕೇಳಿದರು, "ಕಾಯಿಚಿಪ್ಪು ಸುಟ್ರೂ ಆ ಸಕ್ಕರಿ ಬರ್ತದೇನವಾ?"

"ಬರ್ತದ. ಚಂದನದ್ದೂ ಬರ್ತದ" ಎಂದಳು ಸುಮೇಧಾ. ಕೈಯಲ್ಲಿದ್ದ ಅರಿವೆ ಕೆಳಗಿಟ್ಟಳು. "ಅಯ್ಯೋ ಕಾಕಾ... ಈಗ ಹೇಳ್ತೀರಿ? ವರದಿ ಹೋಗೇದ. ಮೂರು ತಿಂಗಳಿನ ಫಿಲ್ಟರೆಲ್ಲಾ ಕರಗಿಸಿ ಪರೀಕ್ಷಾ ಮಾಡಿ ಮುಗದದ. ತಪ್ಪು ನಂದೂ ಅದ. ನಾ ಬೀಡಿ ಬ್ಯಾಡ ಅಂದೆ, ಹೊಗೀನ ಬ್ಯಾಡ ಅನ್ನಲಿಲ್ಲ."

ಅವಳು ಫೋನು ಹಿಡಿದು ಆ ಕಡೆ ಹೋದಳು. ಬಹಳ ಹೊತ್ತು ಮಾತಾಡಿದಳು. ಧ್ವನಿ ಏರಿತು, ಇಳಿಯಿತು. ತಿರುಗಿ ಬಂದಾಗ ಕಣ್ಣು ಕೆಂಪಾಗಿತ್ತು.

"ಸರ್ ಒಪ್ಪಲಿಲ್ಲ. ಮಾಳಗಿ ಕಾಯೋ ಮನಷ್ಯಾನ ಮಾತು ಕೇಳಿ ವರದಿ ತಿರುಗಿ ತಗೊಂಡ್ರ ಮಾನಾ ಏನ್ ಉಳೀತದ ಅಂದ್ರು. ಭಟ್ಟಿ ಮುಚ್ಚಿದ ಮ್ಯಾಲೆ ಮೂವತ್ತು ದಿನ ಮತ್ತ ಮಶೀನ್ ನಡಸೋದು ಮೊದಲ ಠರಾವಾಗಿತ್ತು. ಮಂಗಳವಾರದಿಂದ ಶುರು. ಸಕ್ಕರಿ ಇಳೀಲಿಲ್ಲಂದ್ರ ಭಟ್ಟಿ ಕಾರಣ ಅಲ್ಲ ಅಂತ ಬರದ ಕೊಡ್ತೇನಿ, ಭಟ್ಟಿ ತೆರೀಲಿ ಅಂದ್ರು."

ವಾದಿರಾಜರ ಮುಖದಲ್ಲಿ ಸ್ವಲ್ಪ ಜೀವ ಬಂತು. "ಹಂಗಿದ್ರ ಛಲೋನ ಆತಲ್ಲ?"

ಸುಮೇಧಾ ಅವರನ್ನೇ ನೋಡಿದಳು. "ಧೂಪ ಹಾಕಬ್ಯಾಡ್ರಿ ಇನ್ನ. ಹೊಸ ಹಾಳಿಯೊಳಗ 'ಹತ್ತಿರ ಬೇರೆ ಹೊಗೆ ಇತ್ತೇ' ಅಂತ ಒಂದು ಕಾಲಂ ಹಾಕೇನಿ. ಖರೇ ಬರೀಬೇಕು." ಆಮೇಲೆ ಧ್ವನಿ ತಗ್ಗಿಸಿದಳು. "ಭಟ್ಟೀನೂ ಇಲ್ಲ, ಧೂಪಾನೂ ಇಲ್ಲ. ಸಕ್ಕರಿ ಇಳದ ಇಳೀತದ ಕಾಕಾ. ನಾ ಇದನ್ನೂ ಸರ್ ಮುಂದ ಹೇಳಿದೆ. ಪತ್ರ ಬರದು ಕಳಸು, ಆಮ್ಯಾಲೆ ನೋಡೋಣು ಅಂದ್ರು."

ಸವಣೂರಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಕೂತ ವಾದಿರಾಜರಿಗೆ ಆ ಮಾತಿನ ಅರ್ಥ ನಿಧಾನಕ್ಕೆ ಆಯಿತು. ಎರಡು ಒಲೆ ಒಮ್ಮೆಲೇ ಆರಿಸಿದರೆ ಯಾವುದರ ಹೊಗೆ ಎಂದು ಯಾರಿಗೆ ತಿಳಿಯಬೇಕು? ಮೂವತ್ತು ದಿನ ಆದ ಮೇಲೆ, ನೋಡಿ, ಭಟ್ಟಿ ಮುಚ್ಚಿದ್ದಕ್ಕೇ ಗಾಳಿ ಶುದ್ಧವಾಯಿತು ಎನ್ನುತ್ತಾರೆ. ಅಲ್ಲಿಗೆ ಮಾಹೀರಾಳ ಒಲೆ ಜನ್ಮಪೂರ್ತಿ ಆರಿದಂತೆ. ತಮ್ಮ ಕೈ ಮತ್ತೆ ಶುದ್ಧವಾದರೆ ಅವಳ ಕೈ ಖಾಲಿ. ಏನು ಮಾಡಿದರೂ ಅವಳ ಕುತ್ತಿಗೆಗೇ ಬರುತ್ತಿತ್ತು.

ಭಾನುವಾರ ಅವರು ಹುಟ್ಟಿದಾಗಿನಿಂದ ಮಾಡದ ಕೆಲಸ ಮಾಡಿದರು. ಸಾಹೇಬರ ಮನೆಗೇ ಹೋಗಿ ವಾದಕ್ಕೆ ನಿಂತರು.

"ಹದಿನೈದ ದಿನಾ ಭಟ್ಟಿ ಉರೀಲಿ ಸಾಹೇಬ್ರ. ನಾ ಧೂಪ ಹಾಕೂದಿಲ್ಲ. ಮಶೀನ್ ಹಚ್ಚೋಣು. ಸಕ್ಕರಿ ಬಂದ್ರ ಭಟ್ಟಿ ಮುಚ್ಚರಿ, ನನ್ನೂ ಕೆಲಸದಿಂದ ತಗೀರಿ. ಕೈ ಮುಗೀತೇನಿ."

ಸಾಹೇಬರು ಚಹಾ ಕುಡಿಯುತ್ತ ನಕ್ಕರು. "ಏನ್ ಆಚಾರ್ರ ನೀವು! ಊದಿನಕಡ್ಡಿ ಹೊಗಿಯಿಂದ ಊರು ಕೆಟ್ಟಿತು ಅಂತ ಹೇಳಿದ್ರ ಜನಾ ನನ್ನ ಮುಖಕ್ಕ ಉಗುಳ್ತಾರ. ತಾಯಂದಿರು ಬಾಗಲಾಗ ಕುಂತಾರ. ಸಹಿ ಆಗೇದ. ಹೋಗ್ರಿ, ಆರಾಮ ಧೂಪ ಹಾಕ್ಕೋರಿ ಮನಿಯೊಳಗ."

ಅಲ್ಲಿಂದ ಸೀದಾ ಮಾಹೀರಾಳ ಬಾಗಿಲಿಗೆ ಹೋದರು. ಅವಳ ಗಂಡ ತಕ್ಕಡಿಯ ಹಿಂದೆ ಕೂತಿದ್ದ. ಅವಳು ಬಾಂಡ್ಲಿಯಿಂದ ಆ ದಿನದ ಕೊನೆಯ ಘಾಣದ ಸೇವು ಎತ್ತುತ್ತಿದ್ದಳು. ವಾದಿರಾಜರು ಹೊಸ್ತಿಲ ಹೊರಗೆ ನಿಂತು, ತಲೆ ತಗ್ಗಿಸಿ, ಒಂದನ್ನೂ ಬಿಡದೆ ಹೇಳಿದರು. ಸೇವು ಎತ್ತುವ ಜಾರೆ ಮಾಹೀರಾಳ ಕೈಯಲ್ಲಿ ಹಾಗೇ ನಿಂತಿತು, ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಗುರುವಾರ ಗೊತ್ತಾಗಿತ್ತೇನ್ರಿ ನಿಮಗ?"

"ಹೌದವಾ."

"ಶುಕ್ರವಾರ ನನ್ನ ಕೈಲೆ ಖಾರ ತಗೊಂಡ್ರಿ."

"ಹೌದು."

ಅವಳು ಜಾರೆ ಕುಕ್ಕಿದಳು. "ಮೂರ್ ದಿನಾ! ಮೂರ್ ದಿನಾ ಬಾಯಿಗೆ ಬೀಗ ಹಾಕ್ಕೊಂಡ್ ಕುಂತ್ರೇನ್ರಿ ಆಚಾರ್ರ? ನಿಮ್ಮ ಧೂಪದ ಹೊಗಿಗೆ ನನ್ನ ಮನಿ ಒಲಿ ಆರಸ್ತಾರಲ್ರಿ! ನಾ ಈಗ ನಿಮಗ ಬೈಲ್ಯೋ, ಅಳಲ್ಯೋ?" ಎಂದವಳು ಬೈಯಲೂ ಇಲ್ಲ. ಒಲೆಯ ಮುಂದೆ ಕುಕ್ಕರಿಸಿ ಕೂತು ಮುಖ ಮುಚ್ಚಿಕೊಂಡಳು. ಅವಳ ಗಂಡ ತಕ್ಕಡಿಯ ಕಡೆ ನೋಡುತ್ತ, "ಹೋಗ್ರಿ ಆಚಾರ್ರ. ಬಿಸಲಾಗ ನಿಂದರಬ್ಯಾಡ್ರಿ" ಎಂದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸೋಮವಾರ ಹತ್ತು ಗಂಟೆಗೆ ಆಳುಗಳು ಸಿಮೆಂಟು ಕಲಸಿಕೊಂಡು ಬಂದರು. ಮೊದಲ ಭಟ್ಟಿ ಮಾಹೀರಾಳದೇ. ಬೆಂಕಿ ಆರಿಸಲು ಒಬ್ಬ ನೀರಿನ ಕೊಡ ಎತ್ತಿದಾಗ ಅವಳು ಅಡ್ಡ ಬಂದಳು. "ಮುಟ್ಟಬ್ಯಾಡ್ರಿ. ನಾ ಹಚ್ಚಿದ್ದು, ನಾನ ಆರಸ್ತೇನಿ." ಕೊಡ ಕಸಿದುಕೊಂಡು ನಿಧಾನಕ್ಕೆ ಸುರಿದಳು. ಉಗಿ ಬುಸ್ಸೆಂದು ಎದ್ದಿತು. ಕಾದ ಮಣ್ಣು ಒಂದು ಕಡೆ ಬಿರುಕು ಬಿಟ್ಟಿತು. ವಾದಿರಾಜರು ಮಾಳಿಗೆಯ ಮೇಲಿಂದ ನೋಡುತ್ತಿದ್ದರು. ಹದಿನಾಲ್ಕನೆಯ ಭಟ್ಟಿಯ ಬಾಯಿ ಮುಚ್ಚುವವರೆಗೂ ನೋಡಿದರು. ಮಧ್ಯಾಹ್ನದ ಊಟಕ್ಕೆ ಇಳಿಯಲಿಲ್ಲ. ಓಣಿಯ ಮೇಲೆ ಆಕಾಶ ಚೊಕ್ಕಟವಾಗಿತ್ತು, ಕೆಳಗೆ ಅಂಗಳದಲ್ಲಿ ಮಕ್ಕಳು ಮೊದಲಿನಂತೆಯೇ ಕೆಮ್ಮುತ್ತಿದ್ದರು.

ಮಂಗಳವಾರ ಬೆಳಿಗ್ಗೆ ಆರಕ್ಕೆ ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತರು. "ಕೆಂಡ ಮಾಡಿಕೊಡು."

ತುಳಸಾಬಾಯಿ ತಿರುಗಿ ನೋಡಿದರು. ಗಂಡನ ತಲೆ ಒಣಗಿತ್ತು, ಹಣೆಯ ಮೇಲೆ ನಾಮ ಇರಲಿಲ್ಲ. "ಸ್ನಾನ ಆಗಿಲ್ಲಲ್ರಿ ಇನ್ನ?"

"ಇದು ಪೂಜಾ ಅಲ್ಲಽ" ಎಂದರು ವಾದಿರಾಜರು. "ಸ್ನಾನಾ ಮಾಡಿ ಸುಳ್ಳು ಕೆಲಸಾ ಮಾಡಲೇನು?"

ತುಳಸಾಬಾಯಿ ಕಾಯಿಚಿಪ್ಪಿನ ಬುಟ್ಟಿ ಎಳೆದುಕೊಂಡರು.

"ಮದಲ ಎಷ್ಟ ಚಿಪ್ಪು ಸುಡತಿದ್ದಿ?"

"ಎರಡು ಹೋಳು."

"ಎರಡ ಇರಲಿ. ಒಂದು ಚೂರೂ ಹೆಚ್ಚು ಬ್ಯಾಡ, ಕಡಿಮಿ ಬ್ಯಾಡ."

ಅವರು ಎರಡು ಹೋಳು ಸುಟ್ಟುಕೊಟ್ಟರು. ಸಾಂಬ್ರಾಣಿಯ ಡಬ್ಬಿ ತಾವಾಗಿಯೇ ತಂದು ಪಕ್ಕದಲ್ಲಿಟ್ಟರು. ಪಾತ್ರೆಯ ಮೇಲೆ ಮುಚ್ಚಳ ಮುಚ್ಚಿ ಗಂಡನ ಕೈಗೆ ಕೊಟ್ಟರು.

ಮಾಳಿಗೆಯ ಮೇಲೆ ವಾದಿರಾಜರು ಮುಸುಕು ತೆಗೆದರು, ಕೈಗವಸು ಹಾಕಿಕೊಂಡರು, ಚಿಮಟದಲ್ಲಿ ಹೊಸ ಫಿಲ್ಟರು ಕೂಡಿಸಿದರು. ಬರಿಗೈ ತಾಗಗೊಡಲಿಲ್ಲ, ಉಸಿರು ತಾಗಗೊಡಲಿಲ್ಲ. ಏಳಕ್ಕೆ ಸರಿಯಾಗಿ ಯಂತ್ರ ಗುಂಯ್ ಎಂದಿತು. ಧೂಪದ ಪಾತ್ರೆಯನ್ನು ಅದೇ ಜಾಗದಲ್ಲಿ ಇಟ್ಟರು. ನೆಲದ ಮೇಲೆ ಮೂರು ತಿಂಗಳಿನ ಕರಿಯ ಕಲೆ ಇತ್ತು, ಹುಡುಕಬೇಕಾಗಲಿಲ್ಲ. ಸಾಂಬ್ರಾಣಿ, ಚಂದನ ಉದುರಿಸಿದರು. ಮಂತ್ರ ಹೇಳಲಿಲ್ಲ, ಕೈಮುಗಿಯಲಿಲ್ಲ. ಹೊಗೆ ಮೇಲೆದ್ದು ಯಂತ್ರದ ಬಾಯಿಯ ಕಡೆ ಬಾಗಿತು. ಕಂಪೌಂಡಿನ ಆಚೆ ಹದಿನಾಲ್ಕು ಕೊಳವೆ ತಣ್ಣಗೆ ನಿಂತಿದ್ದವು. ಇವತ್ತಿನ ಫಿಲ್ಟರಿನ ಮೇಲೆ ಕೂಡುವ ಸಕ್ಕರೆಯನ್ನು ಆ ಕೊಳವೆಗಳ ತಲೆಗೆ ಕಟ್ಟಲು ಯಾರಿಂದಲೂ ಆಗುವಂತಿರಲಿಲ್ಲ.

ಲಕ್ಕಪ್ಪ ಮೆಟ್ಟಿಲು ಹತ್ತಿ ಬಂದ. ಬೆರಳ ಸಂದಿಯಲ್ಲಿ ಹಚ್ಚದ ಬೀಡಿ. ಧೂಪ ನೋಡಿ, ಆಚಾರ್ಯರ ಬೋಳು ಹಣೆ ನೋಡಿ ಗಲಿಬಿಲಿಗೊಂಡ. "ಇವತ್ತ ಯಾ ದೇವರಿಗ್ರಿ ಆಚಾರ್ರ ಇದು?"

"ದೇವರಿಗಲ್ಲೋ. ಮಾಹೀರಾನ ಒಲಿಗೆ."

ಲಕ್ಕಪ್ಪನಿಗೆ ತಿಳಿಯಲಿಲ್ಲ. ತಲೆ ಕೆರೆದುಕೊಂಡು, "ಹಂಗಾರ ನಾನೂ ಒಂದ್ ಹಚ್ಚಲೇನ್ರಿ ಇಲ್ಲೆ?" ಎಂದ.

"ಬ್ಯಾಡ ಮಾರಾಯಾ. ಬೀಡೀಗೆ ಬ್ಯಾರೆ ಗುರುತು ಅದ. ಇಳಿ ಕೆಳಗ."

ಅವನು ಇಳಿದುಹೋದ ಮೇಲೆ ವಾದಿರಾಜರು ಹಾಳೆ ಮೊಳಕಾಲ ಮೇಲಿಟ್ಟುಕೊಂಡು ಕೂತರು. ವೇಳೆ ಏಳು. ಆಕಾಶ ನಿಚ್ಚಳ. ಗಾಳಿ ಕೆರೆಯ ಕಡೆಗೆ. ಅದರ ಕೆಳಗೆ ಸುಮೇಧಾಳ ಹೊಸ ಕಾಲಂ: ಹತ್ತಿರ ಬೇರೆ ಹೊಗೆ ಇತ್ತೇ? ಪೆನ್ನು ಅಲ್ಲಿ ನಿಂತಿತು. ಹರಿದ ಉಂಗುಷ್ಟವನ್ನು ಕೂಡ ಬರೆದು ತಿಳಿಸಿದ ಕೈ ಅದು. ಧೂಪದ ಹೊಗೆ ಕಣ್ಣಿಗೆ ಬಂದು ನೀರಿಳಿಯಿತು, ಒರೆಸಿಕೊಂಡರು. ಮತ್ತೆ ಇಳಿಯಿತು. ಈ ಸಲ ಅದು ಹೊಗೆಯಿಂದ ಬಂದದ್ದಾಗಿರಲಿಲ್ಲ.

'ಇಲ್ಲ' ಎಂದು ಬರೆದರು. ಕೆಳಗೆ ಸಹಿ ಮಾಡಿ, ತಾರೀಖು ಹಾಕಿದರು. ಇನ್ನೂ ಇಪ್ಪತ್ತೊಂಬತ್ತು ಹಾಳೆ ಉಳಿದಿದ್ದವು.